ಬಡತನದ ಸ್ಮರಣೆಯೂ ತಾಯ್ತಂದೆಗಳ ಋಣವೂ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಗಳಲ್ಲಿ ಶಾಲೆಯ ವಾರ್ಷಿಕೋತ್ಸವವಾಗಲಿ, ಪರಸ್ಥಳದಲ್ಲಿ ಬಾಳಿ ಊರಿಗೆ ಬಂದ ಹಿರಿಯರೊಬ್ಬರ ಸನ್ಮಾನವಾಗಲಿ ನಡೆದಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಗಂಜಿ ಕುಡಿದು ಓದಿದವರು ನಾವು.” ಹೇಳುವವನ ಕಂಠವು ಅಲ್ಲಿ ಒಂದಿಷ್ಟು ಗದ್ಗದವಾಗುವುದೂ ಉಂಟು, ಕೇಳುವವರು ತಲೆದೂಗುವುದೂ ಉಂಟು. ಮಾತು ಸುಳ್ಳಲ್ಲ. ಆದರೆ ಈ ವಾಕ್ಯದಲ್ಲಿ ಕರ್ತೃಪದವು ‘ನಾವು’ ಎಂಬುದನ್ನು ವ್ಯಾಕರಣವನ್ನು ಅಲ್ಪಸ್ವಲ್ಪ ಬಲ್ಲವನೂ ಗಮನಿಸದೆ ಇರಲಾರನು. ಕುಡಿದವರು ನಾವು, ಓದಿದವರು ನಾವು, ಗೆದ್ದು ಬಂದವರೂ ನಾವೇ. ಆ ಗಂಜಿಯನ್ನು ಬೇಯಿಸಿದವರು ಯಾರು, ಬಡಿಸಿದ ಮೇಲೆ ಮಡಕೆಯಲ್ಲಿ ಉಳಿದುದೆಷ್ಟು, ಉಳಿದುದನ್ನು ಉಂಡವರಾರು ಎಂಬುದಕ್ಕೆ ವಾಕ್ಯದಲ್ಲಿ ಎಡೆಯೇ ಇಲ್ಲ. ಬಾಲ್ಯದ ದಾರಿದ್ರ್ಯವನ್ನು ನೆನೆಯುವುದೂ ತಾಯ್ತಂದೆಗಳಿಗೆ ಕೃತಜ್ಞನಾಗಿರುವುದೂ ಒಂದೇ ಎಂದು ಲೋಕವು ತಿಳಿದುಕೊಂಡಿದೆ. ಅವೆರಡೂ ಒಂದೇ ಅಹುದೋ ಅಲ್ಲವೋ ಎಂಬುದು ವಿಚಾರಾರ್ಹವಾದ ಸಂಗತಿ.

‘ಕೃತಜ್ಞ’ ಎಂಬ ಶಬ್ದವನ್ನೇ ಮೊದಲು ನೋಡಬೇಕು. ಕೃತವನ್ನು, ಎಂದರೆ ಮಾಡಿದುದನ್ನು ಬಲ್ಲವನು ಕೃತಜ್ಞನು. ಮಾಡಿದುದನ್ನು ಹೊಗಳುವವನೆಂದಾಗಲಿ, ಅದನ್ನು ನೆನೆದು ಕಣ್ಣೀರು ಸುರಿಸುವವನೆಂದಾಗಲಿ ಶಬ್ದಕ್ಕೆ ಅರ್ಥವಿಲ್ಲ. ನಮ್ಮ ಹಿರಿಯರು ಈ ಗುಣವನ್ನು ಭಾವದ ಪಕ್ಕದಲ್ಲಿ ಇರಿಸದೆ ಜ್ಞಾನದ ಪಕ್ಕದಲ್ಲಿ ಇರಿಸಿದರು. ಅದಕ್ಕೆ ಪ್ರತಿಯಾದವನು ಕೃತಘ್ನನು, ಮಾಡಿದುದನ್ನು ಕೊಲ್ಲುವವನು. ಬ್ರಹ್ಮಹತ್ಯಾದಿಗಳಿಗೂ ಪ್ರಾಯಶ್ಚಿತ್ತವುಂಟು, ಕೃತಘ್ನನಿಗೆ ಮಾತ್ರ ಇಲ್ಲವೆಂದು ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ಹೇಳಿರುವುದನ್ನು ಬಲ್ಲವರು ಬಲ್ಲರು. ಆದರೆ ಈ ಇಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ. ಅವನಿಗೆ ಶಾಸ್ತ್ರದಲ್ಲಿ ಹೆಸರಿಲ್ಲ. ಅವನು ಉಪಕಾರವನ್ನು ಅಲ್ಲಗಳೆಯುವವನಲ್ಲ, ತಾಯ್ತಂದೆಗಳ ಪಟಕ್ಕೆ ನಿತ್ಯವೂ ಹೂವಿಡುವವನೇ. ಆದರೆ ಅವರು ಮಾಡಿದುದೇನೆಂಬುದನ್ನು ತಿಳಿಯನು, ತಿಳಿಯಲು ಯತ್ನಿಸಿಯೂ ಇಲ್ಲ. ಸಭ್ಯಗೃಹಸ್ಥರಲ್ಲಿ ಬಹುಮಂದಿ ಈ ಮೂರನೆಯ ವರ್ಗಕ್ಕೆ ಸೇರಿದವರೆಂದರೆ ಕೋಪಿಸಿಕೊಳ್ಳಲಾಗದು.

ಹಾಗಾದರೆ ಮಾಡಿದುದೇನು? ಈ ಕರಾವಳಿಯ ಸಂಗತಿಯನ್ನೇ ತೆಗೆದುಕೊಳ್ಳಬಹುದು. ಇಲ್ಲಿ ಶಾಲೆ ತೆರೆಯುವುದು ಜೂನ್ ತಿಂಗಳಲ್ಲಿ. ಮೃಗಶಿರಾ ಮಳೆ ಹೊಯ್ಯತೊಡಗುವುದೂ ಆಗಲೇ. ಹಿಂದಿನ ಬೆಳೆಯ ಅಕ್ಕಿಯಲ್ಲಿ ಗೇಣಿಯ ಮುಡಿಗಳು ಧಣಿಗಳ ಮನೆ ಸೇರಿ, ಸಾಲದ ಪಾಲು ಅಂಗಡಿಗೆ ಹೋಗಿ, ಉಳಿದುದು ಬೇಸಗೆಯ ಮದುವೆ ಮುಂಜಿಗಳಲ್ಲಿ ತೀರಿ, ಮನೆಯ ಪತ್ತಾಯವು ಬರಿದಾಗಿರುವ ಕಾಲ ಅದು. ಹೊಸ ತೆನೆ ಮನೆಗೆ ಬರಬೇಕಾದರೆ ನವರಾತ್ರಿಯ ಆಸುಪಾಸು. ನಡುವಿನ ಆಸಾಡಿಯ ತಿಂಗಳು ಎಂದರೆ ಈ ಸೀಮೆಯವರಿಗೆ ಇಂದಿಗೂ ಹಸಿವಿನ ಮತ್ತೊಂದು ಹೆಸರು. ಕೆಸುವಿನ ಸೊಪ್ಪು, ತಗಟೆ ಸೊಪ್ಪು, ಹಲಸಿನ ಬೀಜ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಕಳಲೆ, ಇವು ಈಗ ಪಟ್ಟಣದ ಸಭಾಂಗಣಗಳಲ್ಲಿ ‘ಆಸಾಡಿ ಊಟ’ವೆಂದು ಬಾಳೆಲೆಯ ಮೇಲೆ ವಿನೋದಕ್ಕಾಗಿ ಬರುತ್ತವೆ, ಆಗ ಅವು ಅಕ್ಕಿಯ ಅಭಾವವನ್ನು ಮುಚ್ಚುವ ಉಪಾಯಗಳಾಗಿದ್ದುವು. ಇಂಥ ತಿಂಗಳಲ್ಲೇ ಹುಡುಗನಿಗೆ ಪುಸ್ತಕ ಬೇಕು, ಸ್ಲೇಟು ಬೇಕು, ಹೈಸ್ಕೂಲಾದರೆ ಶುಲ್ಕ ಬೇಕು, ಮಳೆಗೆ ಓಲೆಕೊಡೆಯೋ ಹಾಳೆಟೊಪ್ಪಿಯೋ ಬೇಕು, ಹೊಳೆ ದಾಟಲು ದೋಣಿಯವನಿಗೆ ಕಾಸು ಬೇಕು. ಸೇತುವೆಗಳಿಲ್ಲದ ಕಾಲದಲ್ಲಿ ಮಾಬುಕಳದ ಸೀತಾನದಿಯೂ ಗಂಗೊಳ್ಳಿಯ ಅಳಿವೆಯೂ ಶಾಲೆಯ ಹಾದಿಯಲ್ಲಿ ಸಣ್ಣ ತಡೆಗಳಾಗಿರಲಿಲ್ಲ. ಕುಂದಾಪುರದಲ್ಲಿ ಭಂಡಾರ್ಕಾರ್ಸ್ ಕಾಲೇಜು ಹುಟ್ಟಿದುದು 1963ರಲ್ಲಿ. ಉಡುಪಿಯ ಮಹಾತ್ಮಾಗಾಂಧಿ ಸ್ಮಾರಕ ಕಾಲೇಜು 1949ರಲ್ಲಿ. ಅದಕ್ಕೂ ಹಿಂದೆ ಬೈಂದೂರಿನ ಕಡೆಯ ಬಡವನ ಮಗನು ಕಾಲೇಜಿನ ಮೆಟ್ಟಿಲು ಹತ್ತಬೇಕೆಂದರೆ ಮಂಗಳೂರೇ ಗತಿ. ಜೂನ್ ತಿಂಗಳ ಈ ಖರ್ಚು ಹುಟ್ಟುತ್ತಿದ್ದುದು ತಾಯಿಯ ಮೂಗುತಿಯಿಂದ ಅಥವಾ ಕರಿಮಣಿಯ ಗುಂಡಿನಿಂದ. ಅಡವಿಟ್ಟ ಚಿನ್ನದ ಬದಲಿಗೆ ಕೊರಳಲ್ಲಿ ಅರಿಸಿನದ ದಾರವು ಉಳಿಯುತ್ತಿತ್ತು.

ಇನ್ನು ಮಡಕೆಯ ವಿಷಯ. ಕುಚ್ಚಲಕ್ಕಿಯ ಗಂಜಿಯಲ್ಲಿ ಅಗಳು ತಳಕ್ಕೆ ಇಳಿಯುತ್ತದೆ, ತೆಳಿ ಮೇಲೆ ನಿಲ್ಲುತ್ತದೆ. ಸೌಟನ್ನು ಎಷ್ಟು ಆಳಕ್ಕೆ ಇಳಿಸಬೇಕೆಂಬುದು ಬಡಿಸುವವಳ ಕೈಯಲ್ಲಿದೆ. ಶಾಲೆಗೆ ಹೋಗುವವನಿಗೆ, ಹೊಲಕ್ಕೆ ಹೋಗುವವನಿಗೆ ತಳದಿಂದ. ತನಗೆ ಕೊನೆಗೆ ಮೇಲಿನಿಂದ. “ನೀನು ಉಣ್ಣು ಮಗಾ, ನನಗೆ ಹಸಿವಿಲ್ಲ” ಎಂಬ ಮಾತು ಈ ಸೀಮೆಯ ಮನೆಮನೆಗಳಲ್ಲಿ ಎಷ್ಟು ಸಾವಿರ ಸಲ ಹುಟ್ಟಿರಬಹುದೋ! ಸತ್ಯವನ್ನೇ ನುಡಿಯಬೇಕೆಂದು ಮಗನಿಗೆ ಕಲಿಸಿದ ತಾಯಿಯು ಆಡಿದ ಸುಳ್ಳು ಅದೊಂದೇ. ಮಗನು ಅದನ್ನು ನಂಬಿದನು. ನಂಬಬೇಕೆಂದೇ ಅವಳು ಹಾಗೆ ನುಡಿದಳು.

ಆದುದರಿಂದ “ನಾವು ಹಸಿದು ಓದಿದೆವು” ಎಂಬುದರಲ್ಲಿ ಒಂದು ಸೂಕ್ಷ್ಮವಾದ ಅಪಹರಣವು ಅಡಗಿದೆ ಎನ್ನಬೇಕಾಗುತ್ತದೆ. ಮನೆಯಲ್ಲಿ ಹಸಿವು ಇದ್ದುದು ನಿಜ. ಅದರ ಬಹುಭಾಗವು ಹೇಳುವವನದಲ್ಲ. ಮಕ್ಕಳಿಗೆ ಬಡತನವು ತಟ್ಟಲೇ ಇಲ್ಲವೆಂದು ಇದರ ಅರ್ಥವಲ್ಲ. ಹರಿದ ಅಂಗಿಯೂ ಒದ್ದೆ ಪುಸ್ತಕವೂ ಶುಲ್ಕ ತರದವನು ಬೆಂಚಿನ ಮೇಲೆ ನಿಲ್ಲುವುದೂ ಹುಡುಗನ ಅನುಭವಗಳೇ. ಆದರೆ ಬಡತನವೆಂಬ ಭಾರವು ಮನೆಯೊಳಗೆ ಸಮನಾಗಿ ಹಂಚಿಹೋಗುವ ವಸ್ತುವಲ್ಲ. ಯಾರೋ ಇಬ್ಬರು ಮೂವರು ಹೆಚ್ಚು ಹೊತ್ತುಕೊಂಡುದರಿಂದಲೇ ಉಳಿದವನೊಬ್ಬನಿಗೆ ಹಗುರಾಯಿತು.

ಮಹಾಭಾರತದ ಆದಿಪರ್ವದಲ್ಲಿ ಈ ವಿಷಯವನ್ನು ಬಹು ಚೆನ್ನಾಗಿ ತೋರುವ ಒಂದು ಪ್ರಸಂಗವಿದೆ. ದ್ರೋಣನು ಅದನ್ನು ಭೀಷ್ಮನಿಗೆ ಹೇಳುತ್ತಾನೆ. ಧನಿಕರ ಮಕ್ಕಳು ಹಾಲು ಕುಡಿಯುವುದನ್ನು ಕಂಡು ಬಾಲಕನಾದ ಅಶ್ವತ್ಥಾಮನು ತನಗೂ ಹಾಲು ಬೇಕೆಂದು ಅತ್ತನು. ಜೊತೆಯ ಹುಡುಗರು ಹಿಟ್ಟನ್ನು ನೀರಿನಲ್ಲಿ ಕಲಸಿ ಕೊಟ್ಟರು. ಅದನ್ನು ಹಾಲೆಂದೇ ಕುಡಿದು ಅವನು ಕುಣಿದಾಡಿದನು, ಸುತ್ತಲಿದ್ದವರು ನಕ್ಕರು. ಇಲ್ಲಿ ಬಡತನದ ಉರಿಯು ಯಾರಿಗೆ ತಗುಲಿತು? ಮಗನಿಗಲ್ಲ, ಅವನು ಸಂತೋಷದಿಂದಿದ್ದನು. ತಗುಲಿದುದು ದೂರದಲ್ಲಿ ನಿಂತು ನೋಡಿದ ತಂದೆಗೆ. ಆ ಉರಿಯನ್ನು ಹೊತ್ತು ದ್ರೋಣನು ದ್ರುಪದನ ಬಾಗಿಲಿಗೆ ಹೋದುದೂ, ಅಲ್ಲಿ ಅವಮಾನಿತನಾದುದೂ, ಆ ದ್ವೇಷವು ಎಲ್ಲಿಗೆ ಮುಟ್ಟಿತೆಂಬುದೂ ವಾಚಕರಿಗೆ ತಿಳಿದಿರುವುದೇ. ಅಶ್ವತ್ಥಾಮನು ಆ ಹಿಟ್ಟಿನ ನೀರನ್ನು ಮುಂದೆ ಎಂದಾದರೂ ನೆನೆದನೆಂದು ವ್ಯಾಸರು ಹೇಳಿಲ್ಲ. ಮಕ್ಕಳ ಜ್ಞಾನವು ಅಷ್ಟೇ. ಕೃತಜ್ಞತೆಯು ಬಾಲ್ಯದಲ್ಲಿ ಸಾಧ್ಯವಿಲ್ಲದ ಗುಣ. ಅದು ಸ್ವಭಾವತಃ ತಡವಾಗಿ ಬರತಕ್ಕದ್ದು. ತಾನೂ ಒಂದು ಮನೆಯ ಯಜಮಾನನಾಗಿ ತಿಂಗಳ ಕೊನೆಯ ಲೆಕ್ಕವನ್ನು ಬರೆಯತೊಡಗಿದ ದಿನ ಅದರ ಅಕ್ಷರಾಭ್ಯಾಸವಾಗುತ್ತದೆ. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಕೇಳುವುದಕ್ಕೆ ತಾಯಿಯೂ ಇರುವುದಿಲ್ಲ, ತಂದೆಯೂ ಇರುವುದಿಲ್ಲ.

ಬಾಲ್ಯದಲ್ಲಿ ಕೃತಜ್ಞತೆ ಇಲ್ಲದಿರಲಿ, ನಾಚಿಕೆಯು ಮಾತ್ರ ಧಾರಾಳವಾಗಿತ್ತು. ಮೀನಿನ ಬುಟ್ಟಿ ಹೊತ್ತ ತಾಯಿಯು ಶಾಲೆಯ ಹಾದಿಯಲ್ಲಿ ಎದುರಾದರೆ ಬೇರೆ ಕಡೆ ಮುಖ ತಿರುಗಿಸಿದ ಹುಡುಗರು, ನೆಟ್ಟಿಯ ಕೆಸರು ತೊಳೆಯದೆ ಶಾಲೆಯ ಜಗಲಿಗೆ ಬಂದ ತಂದೆಯನ್ನು ‘ನಮ್ಮ ಮನೆಯ ಆಳು’ ಎಂದ ಹುಡುಗರು ಈ ಸೀಮೆಯಲ್ಲಿ ಇರಲಿಲ್ಲವೆಂದರೆ ಅದು ಸುಳ್ಳಾದೀತು. ಅಂಥವರೇ ಮುಂದೆ ವೇದಿಕೆಯ ಮೇಲೆ ಅದೇ ಬುಟ್ಟಿಯನ್ನು, ಅದೇ ಕೆಸರನ್ನು ಹೆಮ್ಮೆಯಿಂದ ಬಣ್ಣಿಸುತ್ತಾರೆ. ನಾಚಿಕೆಯು ಹೆಮ್ಮೆಯಾಗಿ ತಿರುಗಲು ನಡುವೆ ಆದ ಬದಲಾವಣೆಯೇನು? ಬುಟ್ಟಿಯು ಹಿಂದಿನಂತೆಯೇ ಇದೆ. ಬದಲಾದುದು ಮಗನ ಸ್ಥಿತಿ. ಬಡತನವು ದೂರ ಹೋದ ಮೇಲೆ ಅದು ಅಲಂಕಾರವಾಯಿತು. ಛಾಂದೋಗ್ಯದ ಸತ್ಯಕಾಮನು ಇವರಿಗಿಂತ ಬೇರೆ ಜಾತಿಯ ಹುಡುಗ. ಗೋತ್ರವನ್ನು ಕೇಳಿದ ಗುರುವಿನ ಮುಂದೆ, ತನ್ನ ತಾಯಿ ಜಬಾಲೆಯು ಯೌವನದಲ್ಲಿ ಪರಿಚಾರಿಕೆಯಾಗಿ ಅಲೆದವಳೆಂದೂ ಗೋತ್ರವನ್ನು ಅವಳು ತಿಳಿಯಳೆಂದೂ ಅವಳು ಹೇಳಿದಂತೆಯೇ ನುಡಿದನು. ಅವನು ಅದನ್ನು ಹೇಳಿದುದು ವಿದ್ಯೆಯನ್ನು ಪಡೆದು ದೊಡ್ಡವನಾದ ಮೇಲೆ ಅಲ್ಲ, ಸೇರಿಸಿಕೊಳ್ಳುವರೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತಿರುವಾಗ. ಹೇಳಿದರೆ ನಷ್ಟವಾಗುವ ಹೊತ್ತಿನಲ್ಲಿ ಹೇಳುವುದಕ್ಕೂ ಲಾಭವಾಗುವ ಹೊತ್ತಿನಲ್ಲಿ ಹೇಳುವುದಕ್ಕೂ ಇರುವ ಅಂತರವು ಸಣ್ಣದಲ್ಲ.

ಇಲ್ಲಿ ತರ್ಕಪ್ರಿಯರು ಒಂದು ಆಕ್ಷೇಪವನ್ನು ಎತ್ತುವರು. ಹುಟ್ಟಿಸಿದವರು ಸಾಕಬೇಕಾದುದು ಧರ್ಮ. ಧರ್ಮವನ್ನು ನಡೆಸಿದವರಿಗೆ ಋಣವೇನು? ಮಗುವೇನು ತಾನಾಗಿ ಬೇಡಿ ಹುಟ್ಟಿತೇ? ಈ ಕಾಲದ ತರುಣರ ಬಾಯಲ್ಲಿ ಈ ಪ್ರಶ್ನೆಯು ಆಗಾಗ ಕೇಳಿಸುತ್ತದೆ. ಅದನ್ನು ಉದ್ಧಟತನವೆಂದು ತಳ್ಳಿಹಾಕುವುದು ಉತ್ತರವಲ್ಲ. ಪ್ರಾಚೀನರು ಋಣವನ್ನು ಅಳೆಯಲು ಯತ್ನಿಸಿದ್ದಾರೆ. ಮಕ್ಕಳಿಗಾಗಿ ತಾಯ್ತಂದೆಗಳು ಪಡುವ ಕ್ಲೇಶಕ್ಕೆ ನೂರು ವರ್ಷಗಳಲ್ಲಿಯೂ ನಿಷ್ಕೃತಿಯಿಲ್ಲವೆಂದು ಮನುವಿನ ಅಭಿಪ್ರಾಯ. ತಂದೆಯು ಮಗನನ್ನು ತ್ಯಜಿಸಬಹುದು, ಸಾಲಗಾರನಾದ ಮಗನು ತಂದೆಯನ್ನು ತ್ಯಜಿಸಲಾಗದೆಂದು ಗ್ರೀಸಿನ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಹೇಳಿದನು. ರೋಮಿನ ಸೆನೆಕನು ಮಾತ್ರ, ಪಡೆದುದಕ್ಕಿಂತ ಹೆಚ್ಚನ್ನು ಮಗನು ತಂದೆಗೆ ಕೊಡುವುದು ಸಾಧ್ಯವೆಂದು ದೀರ್ಘವಾಗಿ ವಾದಿಸಿದನು. ಮೂವರೂ ದೊಡ್ಡವರೇ, ಆದರೆ ಮೂವರ ಕೈಯಲ್ಲಿಯೂ ತಕ್ಕಡಿಯಿದೆ. ಆಕ್ಷೇಪಕ್ಕೆ ಉತ್ತರವು ತಕ್ಕಡಿಯಿಂದ ದೊರೆಯಲಾರದು. ಮಗುವಿಗೆ ಅನ್ನವಿಡುವುದು ಧರ್ಮವೆಂದು ಒಪ್ಪೋಣ. ತಾನು ತೆಳಿ ಕುಡಿದು ಅಗಳನ್ನು ಇಡಬೇಕೆಂದು ಯಾವ ಧರ್ಮಶಾಸ್ತ್ರವೂ ವಿಧಿಸಿಲ್ಲ. ವಿಧಿಯ ಗೆರೆಯು ಮುಗಿದ ಮೇಲೆ ನಡೆದ ದಾರಿಯು ಎಷ್ಟೆಂಬುದನ್ನು ನೋಡಿದವನಿಗೆ ‘ಇದು ಅವರ ಕರ್ತವ್ಯವಾಗಿತ್ತು’ ಎಂಬ ಮಾತು ಬಾಯಿಂದ ಹೊರಡದು.

ಕೃತಜ್ಞತೆಯ ಹೆಸರಿನಲ್ಲಿ ಬಡತನವನ್ನೇ ಪೂಜಿಸುವ ಇನ್ನೊಂದು ಚಾಳಿಯು ಬೆಳೆದಿದೆ. “ಆ ಬಡತನವೇ ನಮ್ಮನ್ನು ಮನುಷ್ಯರನ್ನಾಗಿ ಮಾಡಿತು, ಈಗಿನ ಮಕ್ಕಳಿಗೆ ಎಲ್ಲವೂ ಇದ್ದು ಏನೂ ಇಲ್ಲ” ಎಂದು ಮೊಮ್ಮಕ್ಕಳ ಊಟದ ತಟ್ಟೆಯ ಮುಂದೆ ಉಪನ್ಯಾಸ ಮಾಡುವ ಅಜ್ಜಂದಿರಿಗೆ ಕಡಮೆಯಿಲ್ಲ. ಬಡತನವು ಯಾರನ್ನೂ ಮನುಷ್ಯರನ್ನಾಗಿ ಮಾಡಿಲ್ಲ. ಅದರ ಬಾಯಿಂದ ತಪ್ಪಿಸಿದವರು ಮಾಡಿದರು. ಅದರ ಬಾಯಿಗೆ ಬಿದ್ದವರು ವೇದಿಕೆಗೆ ಬಂದು ಸಾಕ್ಷಿ ಹೇಳುವುದಿಲ್ಲವಾದುದರಿಂದ ಅದಕ್ಕೆ ಕೀರ್ತಿ ಬಂದಿದೆ ಅಷ್ಟೆ. ನಂದಳಿಕೆಯ ಲಕ್ಷ್ಮೀನಾರಣಪ್ಪನವರು, ಕನ್ನಡಕ್ಕೆ ‘ಮುದ್ದಣ’ನಾಗಿ ಉಳಿದವರು, ಅಂಗಸಾಧನೆಯ ಉಪಾಧ್ಯಾಯರಾಗಿ ಉಡುಪಿಯಲ್ಲಿಯೂ ಕುಂದಾಪುರದಲ್ಲಿಯೂ ದುಡಿದು 1901ರಲ್ಲಿ ಮೂವತ್ತೊಂದರ ವಯಸ್ಸಿನಲ್ಲಿಯೇ ಕ್ಷಯದಿಂದ ತೀರಿಕೊಂಡರು. ಅವರ ಬಡತನವು ಕನ್ನಡಕ್ಕೆ ಏನನ್ನು ಕೊಟ್ಟಿತೆಂದು ಕೇಳುವುದಕ್ಕಿಂತ ಏನನ್ನು ಕಸಿದುಕೊಂಡಿತೆಂದು ಕೇಳುವುದು ನ್ಯಾಯ. ಹೆಸರು ಉಳಿಯದವರ ಸಂಗತಿ ಇನ್ನೂ ಹೆಚ್ಚಿನದು. ಹತ್ತು ಹನ್ನೆರಡರ ವಯಸ್ಸಿನಲ್ಲಿ ಶಾಲೆ ಬಿಟ್ಟು ಮುಂಬಯಿಯ ಹೋಟೆಲುಗಳಿಗೆ ಲೋಟ ತೊಳೆಯಲು ಹೋದ ಹುಡುಗರು ಈ ಮೂರು ಸೀಮೆಗಳಿಂದ ಎಷ್ಟು ಮಂದಿ! ಅವರಲ್ಲಿ ಕೆಲವರು ಅಲ್ಲಿಯ ಕನ್ನಡ ರಾತ್ರಿಶಾಲೆಗಳಲ್ಲಿ, ಹಗಲಿನ ದುಡಿತದ ನಿದ್ದೆಯನ್ನು ಕಣ್ಣಿನಿಂದ ಒರಸಿಕೊಂಡು ಓದಿ ಮುಂದೆ ಬಂದರು, ಬಹುಮಂದಿ ಬರಲಿಲ್ಲ. ಮಗನನ್ನು ಹಾಗೆ ಬಸ್ಸು ಹತ್ತಿಸಿದ ತಂದೆಯು ಓದಿಸಿದ ತಂದೆಗಿಂತ ಪ್ರೀತಿಯಲ್ಲಿ ಕಡಮೆಯವನೇ? ಹಾಗೆಂದು ತೀರ್ಪು ಕೊಡುವ ಮೊದಲು ಅವನ ಗೇಣಿಚೀಟಿಯನ್ನು ಓದಬೇಕು. ಆ ಮಗನು ತಿಂಗಳು ತಿಂಗಳು ಕಳುಹಿದ ಮನಿಯಾರ್ಡರಿನಿಂದ ತಮ್ಮನೊಬ್ಬನು ಓದಿ ಗುಮಾಸ್ತನಾದನು. ತಮ್ಮನ ಭಾಷಣದಲ್ಲಿ ತಾಯ್ತಂದೆಗಳು ಬರುತ್ತಾರೆ, ಅಣ್ಣನು ಬರುವುದಿಲ್ಲ.

ಅಣ್ಣನಾದರೂ ಒಮ್ಮೊಮ್ಮೆ ಬಂದಾನು. ಅಕ್ಕನು ಬರುವುದೇ ಇಲ್ಲ. ಈ ವಿಚಾರದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಇದೇ. ಮನೆಯಲ್ಲಿ ಒಬ್ಬರಿಗೆ ಮಾತ್ರ ಪುಸ್ತಕ ಕೊಳ್ಳಬಹುದಾದಾಗ ಆ ಒಬ್ಬರು ಹುಡುಗನೇ ಆದನು. ನಾಲ್ಕನೆಯ ಐದನೆಯ ತರಗತಿಗೆ ಅವಳನ್ನು ಬಿಡಿಸಿದರು. ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡಳು, ಮಡಲು ಹೆಣೆದಳು, ಹಗ್ಗ ಹೊಸೆದಳು. ಬೀಡಿಯ ಕಾಲ ಬಂದ ಮೇಲೆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಸಾವಿರದ ಲೆಕ್ಕದಲ್ಲಿ ಬೀಡಿ ಕಟ್ಟಿದಳು. ಗೇರುಬೀಜದ ಕಾರ್ಖಾನೆಯಲ್ಲಿ ಬೀಜದ ಎಣ್ಣೆಗೆ ಬೆರಳು ಸುಟ್ಟುಕೊಂಡಳು. ಆ ಕಾಸು ತಮ್ಮನ ಪರೀಕ್ಷೆಯ ಶುಲ್ಕವಾಯಿತು. ತಾಯಿಯು ತ್ಯಾಗ ಮಾಡಿದಳೆಂದರೆ ಅದು ಅವಳು ಅರಿತು ಮಾಡಿದುದು. ಅಕ್ಕನ ಪಾಲನ್ನು ತೆಗೆದು ತಮ್ಮನಿಗೆ ಕೊಟ್ಟಾಗ ಅವಳನ್ನು ಯಾರೂ ಕೇಳಲಿಲ್ಲ. ಕೊಟ್ಟುದಕ್ಕೂ ತೆಗೆದುಕೊಂಡುದಕ್ಕೂ ಋಣವು ಒಂದೇ ಬಗೆಯದೇ? ಕೊಟ್ಟವರಿಗೆ ನಮಸ್ಕಾರವು ಸಲ್ಲಬಹುದು. ಯಾರಿಂದ ತೆಗೆದುಕೊಳ್ಳಲಾಯಿತೋ ಅವರಿಗೆ ನಮಸ್ಕಾರ ಮಾತ್ರ ಸಾಲದು, ನ್ಯಾಯವೂ ಸಲ್ಲಬೇಕು. ತಾಯ್ತಂದೆಗಳನ್ನು ಗೌರವಿಸುವ ಉತ್ಸಾಹದಲ್ಲಿ ಅವರ ಈ ಹಂಚಿಕೆಯ ಅನ್ಯಾಯವನ್ನು ಕಾಣದಂತಿರಬೇಕೆಂದು ಕೃತಜ್ಞತೆಯು ಕೇಳುವುದಿಲ್ಲ. ಮಾಡಿದುದನ್ನು ಬಲ್ಲವನು ಅದನ್ನು ಸಂಪೂರ್ಣವಾಗಿ ಬಲ್ಲವನಾಗಬೇಕಷ್ಟೆ.

ಕೋಟದ ಶಿವರಾಮ ಕಾರಂತರು 1941ರಲ್ಲಿ ಪ್ರಕಟಿಸಿದ ‘ಮರಳಿ ಮಣ್ಣಿಗೆ’ಯು ಇದೇ ಕಡಲಕರೆಯ ಕಥೆ. ರಾಮ ಐತಾಳರು ಮಗನನ್ನು ಇಂಗ್ಲಿಷು ಕಲಿಸಿ ದೊಡ್ಡವನನ್ನಾಗಿ ಮಾಡಬೇಕೆಂದು ಹಂಬಲಿಸಿದರು. ಲಚ್ಚನು ಓದಿದನು, ದುಶ್ಚಟಗಳಿಗೆ ಬಿದ್ದನು, ಮನೆಯನ್ನು ಕಳೆದನು. ವಿದ್ಯೆಗೂ ಕೃತಜ್ಞತೆಗೂ ನಂಟಿಲ್ಲವೆಂಬುದಕ್ಕೆ ಅದು ಸಾಕ್ಷಿ. ಆದರೆ ಆ ಗ್ರಂಥವನ್ನು ಓದಿದವರ ಮನಸ್ಸಿನಲ್ಲಿ ಕೊನೆಗೆ ಉಳಿಯುವವರು ತಂದೆಯೂ ಅಲ್ಲ ಮಗನೂ ಅಲ್ಲ. ವಿಧವೆಯಾಗಿ ಅಣ್ಣನ ಮನೆಯಲ್ಲಿ ಜೀವವನ್ನು ತೇದ ಸರಸೋತಿ, ಗಂಡನ ತಪ್ಪಿನಿಂದ ಬಡವಳಾಗಿ ಮಗ ರಾಮನನ್ನು ಬೆಳೆಸಿದ ನಾಗವೇಣಿ. ಸರಸೋತಿಯಂಥ ಅತ್ತೆಯು ಈ ಸೀಮೆಯ ಎಷ್ಟೋ ಮನೆಗಳ ಅಡಿಗೆಯ ಕೋಣೆಯಲ್ಲಿದ್ದಳು. ಅವಳ ಪಟವು ಯಾವ ಗೋಡೆಯ ಮೇಲೂ ಇಲ್ಲ.

ಮನೆಯ ಹೊರಗಿನ ಕೈಗಳನ್ನೂ ಎಣಿಸಬೇಕು. ವಾರಾನ್ನವೆಂಬ ಒಂದು ಏರ್ಪಾಡು ಇತ್ತು: ಪೇಟೆಯಲ್ಲಿ ಓದುವ ಹುಡುಗನಿಗೆ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಗಳಲ್ಲಿ ಊಟ. ಒಂದು ಮನೆಯಲ್ಲಿ ಸೂತಕವಾದರೆ ಅಂದು ನೀರೇ ಗತಿ. ಎಷ್ಟೋ ವಿದ್ವಾಂಸರು ಈ ಏಳು ಎಲೆಗಳ ಮೇಲೆ ಬೆಳೆದವರು. ಆದರೆ ಆ ಎಲೆಯು ಒಂದು ಜಾತಿಯ ಹುಡುಗರಿಗೆ ಮಾತ್ರ ಹಾಸಿದ್ದಾಗಿತ್ತೆಂಬುದನ್ನು ಮರೆತು ಅದನ್ನು ಹೊಗಳುವುದು ಪೂರ್ಣವಾದ ಸ್ಮರಣೆಯಲ್ಲ. ಮೊಗವೀರರ, ದೇವಾಡಿಗರ ಮಗನಿಗೆ ಅದಿಲ್ಲ. ಕೊರಗರ ಮಗನಿಗೆ ಶಾಲೆಯ ಜಗಲಿಯೇ ಇಲ್ಲ. ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ದಲಿತರ ಮಕ್ಕಳಿಗಾಗಿ ಶಾಲೆ ತೆರೆದು ಸ್ವಜನರಿಂದಲೇ ಬಹಿಷ್ಕಾರವನ್ನು ಉಂಡರು. ಶಾಲೆಯ ಮಗುವಿನ ಹಸಿವು ತಾಯಿಯೊಬ್ಬಳ ಚಿಂತೆ ಮಾತ್ರವಲ್ಲ, ರಾಜ್ಯದ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಬಿಸಿಯೂಟದ ಆಜ್ಞೆಯನ್ನು ಕೊಟ್ಟಿತು. 1974ರ ಭೂಸುಧಾರಣೆಯು ಗೇಣಿಯ ಮುಡಿಯನ್ನು ಒಕ್ಕಲಿನ ಮನೆಯಲ್ಲಿಯೇ ಉಳಿಯಿಸಿತು. ಇಂದಿನ ಮಗುವು ಅಗಳನ್ನೇ ಉಣ್ಣುತ್ತದೆ, ಅದರ ತಾಯಿಯೂ ಅಗಳನ್ನೇ ಉಣ್ಣಬಹುದು. ಇದರಿಂದ ಪುತ್ರವಾತ್ಸಲ್ಯವೂ ಮಾತೃಭಕ್ತಿಯೂ ಕ್ಷೀಣಿಸುವುದೆಂದು ಹೆದರುವವರು, ಯಾರ ಹಸಿವಿನ ಮೇಲೆ ಆ ಭಕ್ತಿಯನ್ನು ಉಳಿಸಬೇಕೆಂದಿರುವರೋ ತಿಳಿಯದು.

ತೀರಿಸುವ ವಿಷಯದಲ್ಲಿ ಈಗ ಕಾಣುವ ರೂಢಿಯೆಂದರೆ ಕಲ್ಲು. ಶಾಲೆಗೆ ಒಂದು ಕೋಣೆ, ದೇವಸ್ಥಾನಕ್ಕೆ ಒಂದು ಮಂಟಪ, ಅದರ ಮೇಲೆ ತಾಯ್ತಂದೆಗಳ ಹೆಸರು. ಕೋಣೆಯು ಮಕ್ಕಳಿಗೆ ಉಪಯೋಗವಾಗುವುದು, ಅದು ಒಳ್ಳೆಯದೇ. ಆದರೆ ಬದುಕಿರುವ ತಾಯಿಯು ಬೀಗ ಹಾಕಿದ ಕೋಣೆಗಳ ದೊಡ್ಡ ಮನೆಯಲ್ಲಿ ಒಬ್ಬಳೇ ಇದ್ದು, ಮಗನು ಬೆಂಗಳೂರಿನಿಂದಲೋ ದುಬಾಯಿಯಿಂದಲೋ ಭಾನುವಾರ ಫೋನಿನಲ್ಲಿ “ಔಷಧ ತೆಗೆದುಕೊಂಡೆಯಾ ಅಮ್ಮ?” ಎಂದು ಕೇಳುವ ಮನೆಗಳು ಈಗ ಕಡಲಕರೆಯುದ್ದಕ್ಕೂ ಇವೆ. ಮಗನನ್ನು ದೂಷಿಸುವುದು ಸುಲಭ. ಓದಿಸಿದುದೇ ದೂರ ಹೋಗಲೆಂದಲ್ಲವೇ? ಅವನು ದೂರವಿರುವುದು ಅಪರಾಧವಲ್ಲ. ಔಷಧದ ಪ್ರಶ್ನೆಯ ನಂತರ ಇನ್ನೊಂದು ಪ್ರಶ್ನೆಯನ್ನು ಅವನು ಕೇಳಬಹುದಾಗಿತ್ತು: ಆ ವರ್ಷ ಮೂಗುತಿಯನ್ನು ಎಲ್ಲಿ ಇಟ್ಟಿರಿ, ಬಿಡಿಸಿಕೊಂಡಿರೋ ಇಲ್ಲವೋ, ಅಕ್ಕನನ್ನು ಶಾಲೆ ಬಿಡಿಸಿದ ದಿನ ಅವಳೇನೆಂದಳು? ಇಂಥ ಪ್ರಶ್ನೆಗಳಿಗೆ ಮುದುಕಿಯರು ಒಮ್ಮೆಗೆ ಉತ್ತರ ಕೊಡುವುದಿಲ್ಲ. “ಅದೆಲ್ಲ ಈಗ ಯಾಕೆ ಮಗಾ” ಎನ್ನುವರು. ಎರಡನೆಯ ಸಲ, ಮೂರನೆಯ ಸಲ ಕೇಳಿದರೆ ಹೇಳುವರು. ಕೇಳದೆ ಇದ್ದರೆ ಆ ಲೆಕ್ಕವು ಅವರೊಡನೆಯೇ ಬೂದಿಯಾಗುವುದು.

ಮಹಾಲಯಪಕ್ಷದ ತರ್ಪಣದಲ್ಲಿ ತಂದೆ, ತಾಯಿ, ಅಜ್ಜ, ಮುತ್ತಜ್ಜರಿಗೆ ಮಾತ್ರವಲ್ಲದೆ ತಂದೆಯ ಸೋದರಿಗೆ, ತಾಯಿಯ ಸೋದರಿಗೆ, ಒಡಹುಟ್ಟಿದವಳಿಗೆ, ಗುರುವಿಗೆ, ಗೆಳೆಯನಿಗೆ ಕೂಡ ಹೆಸರು ಹಿಡಿದು ಎಳ್ಳುನೀರು ಬಿಡುವ ವಿಧಿಯುಂಟು. ಸೂತ್ರಕಾರರಿಗೆ ಅಕ್ಕನೂ ಅತ್ತೆಯೂ ನೆನಪಿದ್ದರು. ಈಗ ಅನೇಕರು ಪುರೋಹಿತರಿಗೆ ಅವಸರವೆಂದು ಆ ಪಟ್ಟಿಯನ್ನು ಮೊಟಕುಮಾಡಿ ತಂದೆಯ ವರ್ಗ, ತಾಯಿಯ ವರ್ಗವೆಂದು ಮುಗಿಸಿಬಿಡುವರು, ಪುರೋಹಿತರು “ಅತ್ತೆಯ ಹೆಸರೇನು?” ಎಂದು ಕೇಳಿದರೆ ಮನೆಯ ಹಿರಿಯ ಮಗನು ಒಳಗೆ ತಿರುಗಿ ಯಾರನ್ನಾದರೂ ವಿಚಾರಿಸಬೇಕಾಗುತ್ತದೆ. ಬೀಡಿ ಕಟ್ಟಿದ ಅಕ್ಕನು ಇನ್ನೂ ಬದುಕಿದ್ದರೆ, ಎಳ್ಳುನೀರಿನ ಮಾತಿರಲಿ, ತವರಿನ ಆಸ್ತಿಯ ಪಾಲುಪಟ್ಟಿಗೆ ರುಜು ಹಾಕಿಸುವ ದಿನ ಅವಳ ಮುಂದೆ ಯಾವ ಕಾಗದವನ್ನು ಇಡುವರೆಂಬುದನ್ನು ಓದಿದ ತಮ್ಮಂದಿರೇ ಹೇಳಬೇಕು.